ನೂಲಿನ ಪೆಟ್ಟಿಗೆಯ ನಾಯಿ

ಆ ಕೋಣೆಗೆ ಕಿಟಕಿ ಇರಲಿಲ್ಲ. ತಗಡಿನ ಬಾಗಿಲ ಸಂದಿಯಿಂದ ಬೆರಳಗಲದ ಬೆಳಕು ಒಳಗೆ ಬೀಳುತ್ತಿತ್ತು. ಬೆಳಕಿನಾಚೆ, ಮೂಲೆಯಲ್ಲಿ, ಎರಡು ಕಣ್ಣು.

ಮುಧೋಳದಿಂದ ಲೋಕಾಪುರಕ್ಕೆ ಹೋಗುವ ದಾರಿಯಲ್ಲಿ ನಾಯಿ ಸಾಕುವವರೊಬ್ಬರ ತೋಟವಿದೆ. ಮುಧೋಳ ನಾಯಿಯ ಮರಿ ಬೇಕೆಂದು ದೂರದೂರಿನಿಂದ ಕಾರು ಮಾಡಿಕೊಂಡು ಬರುವವರಿಗೆಲ್ಲ ಆ ತೋಟ ಗೊತ್ತು. ನಾನು ಪಶು ಆಸ್ಪತ್ರೆಯ ಪರೀಕ್ಷಕಿ, ಡಾಕ್ಟರಲ್ಲ. ಆದರೆ ನಮ್ಮ ಕಡೆ ಸೂಜಿ ಹಿಡಿದವರೆಲ್ಲ ಡಾಕ್ಟರೇ, ಹೆಂಗಸಾದರೆ ಡಾಕ್ಟರಬಾಯಿ. ನಾಲ್ಕು ವರ್ಷ ಆ ತೋಟಕ್ಕೆ ಹೋಗಿ ಮರಿಗಳಿಗೆ ಲಸಿಕೆ ಹಾಕಿ ಬಂದಿದ್ದೆ. ಒಮ್ಮೆಯೂ ಗೇಟಿನ ಹತ್ತಿರದ ಬೇವಿನ ಗಿಡ ದಾಟಿ ಒಳಗೆ ಹೋದವಳಲ್ಲ.

ಪದ್ಧತಿಯೇ ಹಾಗಿತ್ತು. ಗಿಡದ ಕೆಳಗೆ ನನಗೊಂದು ಪ್ಲಾಸ್ಟಿಕ್ ಕುರ್ಚಿ, ಕೈಗೆ ಚಹಾ. ಒಳಗಿನಿಂದ ಬುಟ್ಟಿಯಲ್ಲಿ ಮರಿಗಳು ಬರುತ್ತಿದ್ದವು. ಒಂದೊಂದನ್ನೇ ತೊಡೆಯ ಮೇಲಿಟ್ಟುಕೊಂಡು ಸ್ಪಿರಿಟ್ ಒರೆಸಿ ಚುಚ್ಚುತ್ತಿದ್ದೆ, ಜಂತಿನ ಔಷಧ ಕುಡಿಸುತ್ತಿದ್ದೆ, ಚೀಟಿಯ ಮೇಲೆ ‘ಆರೋಗ್ಯವಾಗಿದೆ’ ಎಂದು ಬರೆದು ಸಹಿ ಹಾಕುತ್ತಿದ್ದೆ. ಕೊಂಡವರ ಕಾರು ಅಲ್ಲೇ ನಿಂತಿರುತ್ತಿತ್ತು. ತುಂಬಿ ಬಂದ ಬುಟ್ಟಿ ಖಾಲಿಯಾಗಿ ಒಳಗೆ ಹೋಗುತ್ತಿತ್ತು. ತಗಡಿನ ಬಾಗಿಲ ಹಿಂದೆ ಏನೋ ಕೆರೆಯುವ ಸದ್ದು ಕೇಳಿ ಒಂದೇ ಒಂದು ಸಲ ವಿಚಾರಿಸಿದ್ದೆ. ತಾಯಿ ಐತ್ರಿ, ಬಿಡ್ರಿ ಅಂದರು ಮಾಲೀಕರು. ಬಿಟ್ಟೆ. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಸುಳ್ಳಲ್ಲ. ಆ ಕತ್ತಲೆಯಲ್ಲಿ ಒಂದು ಜೀವ ಕೂತಿತ್ತು, ನಾನು ಹೊರಗೆ ಚಹಾ ಕುಡಿಯುತ್ತಿದ್ದೆ.

ಒಳಗೆ ಹೋದದ್ದು ಮಾಲೀಕರೇ ಕರೆದ ಮೇಲೆ. ಆ ದಿನ ಮರಿಗಳಿರಲಿಲ್ಲ.

“ಎರಡ ಸಲ ಆತ್ರಿ, ಗಬ್ಬ ನಿಂತಿಲ್ಲ. ನಿಮಗ ಬೇಕಾದ್ರ ಒಯ್ರಿ. ಇಲ್ಲಾಂದ್ರ ಲೋಕಾಪುರ ರೋಡಿಗೆ ಬಿಟ್ಟ ಬರ್ತೇನಿ.”

ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಮುರಿದ ಕುಂಟೆಯ ಬಗ್ಗೆ ಮಾತಾಡುವ ಹಾಗೆ ಹೇಳಿದರು. ಟಾರ್ಚು ಹಾಕಿ ನೋಡಿದೆ. ಬಿಳಿ ಹೆಣ್ಣು, ಆರು ವರ್ಷ ಇರಬಹುದು. ಪಕ್ಕೆಲುಬು ಎಣಿಸಬಹುದಿತ್ತು, ಮೊಲೆಗಳು ಖಾಲಿ ಚೀಲದಂತೆ ಜೋತುಬಿದ್ದಿದ್ದವು. ಉಗುರು ಬೆಳೆದು ಸುರುಳಿಸುತ್ತಿ ಪಾದದ ಮೆತ್ತೆಯೊಳಗೆ ಇಳಿದಿತ್ತು. ಗಾಳಿಯ ಹಾಗೆ ಓಡುತ್ತದೆ ಎಂದು ಹೆಸರಾದ ಜಾತಿಯ ಈ ನಾಯಿಗೆ ನಡೆಯಲು ಬರುತ್ತಿರಲಿಲ್ಲ. ಗೋಣಿಚೀಲದಲ್ಲಿ ಸುತ್ತಿ ಆಟೋದಲ್ಲಿ ಹಾಕಿಕೊಂಡು ಮಹಾಲಿಂಗಪುರ ಹಾಯ್ದು ಬನಹಟ್ಟಿಗೆ ತಂದೆ. ದಾರಿಯುದ್ದಕ್ಕೂ ಅದು ಒಂದು ಸದ್ದೂ ಮಾಡಲಿಲ್ಲ. ಅಂಜಿಕೆ ಅಳತೆ ಮೀರಿದಾಗ ನಾಯಿಗಳು ಬೊಗಳುವುದಿಲ್ಲ.

ಬನಹಟ್ಟಿಯ ನಮ್ಮ ಮನೆಯ ಹಿಂದೆ ನಾಲ್ಕು ಪವರ್‌ಲೂಮಿನ ಶೆಡ್ಡು ಇದೆ. ಅದು ನನ್ನ ಗಂಡನ ರಾಜ್ಯ. ಕರೆಂಟು ಇರುವಷ್ಟು ಹೊತ್ತು ಮಗ್ಗಗಳು ಖಟಖಟ ಬಡಿಯುತ್ತಲೇ ಇರುತ್ತವೆ. ಹೀಗಾಗಿ ನಮ್ಮೂರವರಿಗೆಲ್ಲ ದನಿ ದೊಡ್ಡದು. ಬನಹಟ್ಟಿಯಲ್ಲಿ ಗುಟ್ಟು ಹೇಳಿದರೆ ರಬಕವಿಯಲ್ಲಿ ಕೇಳುತ್ತದೆ ಎಂದು ಬೀಗರು ಆಡಿಕೊಳ್ಳುತ್ತಾರೆ. ಮನೆಯಲ್ಲಿ ಬೇರೆ ಜಾಗವಿರಲಿಲ್ಲ. ನೂಲು ತುಂಬಿ ಬರುವ ದೊಡ್ಡ ಕಟ್ಟಿಗೆಯ ಪೆಟ್ಟಿಗೆಯೊಂದರ ಒಂದು ಬದಿ ಕಿತ್ತು, ಒಳಗೆ ಹಳೆಯ ಕೌದಿ ಹಾಸಿ, ಶೆಡ್ಡಿನ ಮೂಲೆಯಲ್ಲಿಟ್ಟೆ. ಮಂಪರಿನ ಸೂಜಿ ಕೊಡಿಸಿ ಉಗುರು ಕತ್ತರಿಸಿ ಬಿಟ್ಟ ಮೇಲೆ ನಾಯಿ ತೆವಳಿ ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತಿತು.

ಇಂಥ ನಾಯಿಯನ್ನು ಪಳಗಿಸಲು ಒಂದು ಕ್ರಮವಿದೆ. ಅದನ್ನು ನೋಡಬಾರದು, ಮುಟ್ಟಬಾರದು, ಕರೆಯಬಾರದು. ಅಡ್ಡ ತಿರುಗಿ ನೆಲದ ಮೇಲೆ ಕೂರಬೇಕು. ದಿನಾ ಅದೇ ಹೊತ್ತು, ಅದೇ ಜಾಗ. ತಿನ್ನುವುದನ್ನು ಅದರ ಹತ್ತಿರ ಇಟ್ಟು, ದಿನಗಳು ಹೋದಂತೆ ನಮ್ಮ ಕಡೆ ಸರಿಸಬೇಕು. ನಮ್ಮ ಶೆಡ್ಡಿನ ನೆಲಕ್ಕೆ ಫರಸಿಕಲ್ಲು ಹಾಸಿದೆ. ಪೆಟ್ಟಿಗೆಯಿಂದ ನಾನು ಕೂರುವ ಜಾಗಕ್ಕೆ ಹನ್ನೊಂದು ಕಲ್ಲು. ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿ, ಬೇಯಿಸಿದ ತತ್ತಿ. ಮೊದಲ ಕಲ್ಲಿನಿಂದ ಎರಡನೆಯದಕ್ಕೆ ಬಟ್ಟಲು ಬರಲು ಒಂಬತ್ತು ದಿನ ಹಿಡಿಯಿತು. ಒಂದು ನೋಟುಬುಕ್ಕಿನಲ್ಲಿ ಗೆರೆ ಹೊಡೆದುಕೊಂಡು ಬರೆಯುತ್ತಿದ್ದೆ: ತಾರೀಕು, ಹೊತ್ತು, ಎಷ್ಟನೆಯ ಕಲ್ಲು, ಏನು ತಿಂದಿತು. ಕೊನೆಯ ಕಾಲಮ್ಮು ‘ಇತರೆ’.

ಬೆಳಿಗ್ಗೆ ಆಸ್ಪತ್ರೆಗೆ ಹೋಗುವ ಮೊದಲು ಒಂದು ತಾಸು, ಸಂಜೆ ಬಂದ ಮೇಲೆ ಒಂದು ತಾಸು. ಮಗ್ಗ ನಡೆಯುತ್ತಿದ್ದಾಗ ಅದು ಪೆಟ್ಟಿಗೆಯಿಂದ ಹೊರಬರುತ್ತಿತ್ತು. ಮಗ್ಗದ ಸಪ್ಪಳಕ್ಕೆ ಹೆದರೀತು ಅಂದುಕೊಂಡಿದ್ದೆ, ಆದದ್ದು ತಿರುಗುಮುರುಗು. ಕರೆಂಟು ಹೋಗಿ ಶೆಡ್ಡು ಸ್ತಬ್ಧವಾದ ಹೊತ್ತಿನಲ್ಲಿ ನಾನು ಹೋದರೆ ಒಳಗೇ ಮುದುಡಿ ಕೂರುತ್ತಿತ್ತು. ಆ ದಿನಗಳ ಮುಂದೆ ‘ಇತರೆ’ಯಲ್ಲಿ ‘ಕರೆಂಟ್ ಇಲ್ಲ, ಹೊರಬರಲಿಲ್ಲ’ ಎಂದು ಚೆಂದ ಅಕ್ಷರದಲ್ಲಿ ಬರೆದಿಟ್ಟಿದ್ದೇನೆ. ಬರೆದೆ, ಓದಲಿಲ್ಲ.

ಗಂಡ ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಹರಿದ ಎಳೆ ಗಂಟು ಹಾಕುತ್ತ ಮಗ್ಗದಿಂದ ಮಗ್ಗಕ್ಕೆ ಓಡಾಡುತ್ತಿದ್ದರು. ಎರಡನೆಯ ತಿಂಗಳು ನಾಯಿ ಅವರ ಹಿಂದೆಯೇ ಆ ತುದಿಗೆ, ಈ ತುದಿಗೆ ಹೋಗಿ ಬರತೊಡಗಿತು. ನೂಲು ಹೊತ್ತು ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿಯ ಹಾಗೆ ಎಂದು ಲಾಳಿ ಅಂತಲೇ ಹೆಸರಿಟ್ಟರು. ನನಗೆ ಒಳಗೊಳಗೆ ಹೊಟ್ಟೆಕಿಚ್ಚು. ನೆಲದ ಮೇಲೆ ಕೂತು ಮಂಡಿ ಹಿಡಿಸಿಕೊಂಡವಳು ನಾನು, ಹಿಂದೆ ಹಿಂದೆ ಹೋಗುವುದು ಅವರ ಹಿಂದೆ! ಆದರೂ ಮೂರನೆಯ ತಿಂಗಳಲ್ಲಿ ಬಟ್ಟಲು ಹನ್ನೊಂದನೆಯ ಕಲ್ಲಿಗೆ ಬಂತು. ಒಂದು ಸಂಜೆ, ನಾಲ್ಕೂ ಮಗ್ಗ ಬಡಿಯುತ್ತಿರುವಾಗ, ಲಾಳಿ ನನ್ನ ಅಂಗೈಯಿಂದ ತತ್ತಿ ತಿಂದಿತು. ನಾನು ಅತ್ತುಬಿಟ್ಟೆ. ಮಗ್ಗದ ಸಪ್ಪಳದಲ್ಲಿ ಯಾರಿಗೂ ಕೇಳಲಿಲ್ಲ.

ಮರುದಿನ ಆಸ್ಪತ್ರೆಯಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಜಂಬ ಎಂದರೆ ಅಷ್ಟಿಷ್ಟಲ್ಲ.

ನೂಲಿನ ಧೂಳಿಗೆ ಲಾಳಿ ಕೆಮ್ಮತೊಡಗಿದ್ದರಿಂದ ಬೇರೆ ಮನೆ ಹುಡುಕಲೇಬೇಕಾಯಿತು. ಜಮಖಂಡಿಯ ಒಬ್ಬ ಉಪನ್ಯಾಸಕರು, ಅವರ ಹೆಂಡತಿ ನೋಡಲು ಬಂದರು. ಹೊಸ ಬಡಾವಣೆಯಲ್ಲಿ ಹೊಸ ಮನೆ, ಸುತ್ತ ಕಂಪೌಂಡು, ಒಳ್ಳೆಯ ಜನ. ಮಗ್ಗ ಹಚ್ಚಿದ ಶೆಡ್ಡಿನಲ್ಲೇ ತೋರಿಸಿದೆ. ಲಾಳಿ ನನ್ನ ಕೈಯಿಂದ ತಿಂದಿತು, ಅವರಿಗೆ ಬೆನ್ನು ಮುಟ್ಟಗೊಟ್ಟಿತು. ಅವರು ಏನೋ ಕೇಳಿದರು, ನನಗೆ ಕೇಳಿಸಲಿಲ್ಲ; ನಾನು ಏನೋ ಹೇಳಿದೆ, ಅವರು ತಲೆಯಾಡಿಸಿದರು. ಹೀಗೆ ಮಾತುಕತೆ ಮುಗಿಯಿತು.

ಹೊಸ ಮನೆಗೆ ಹೋದ ನಾಯಿಗೆ ಹಳೆಯ ಪರಿಚಯದ ಮುಖ ಕಾಣುತ್ತಿರಬೇಕು ಎಂದು, ಆಸ್ಪತ್ರೆ ಮುಗಿಸಿ ದಿನಾ ಸಂಜೆ ಜಮಖಂಡಿಗೆ ಹೋದೆ. ಹೆಗಲಿಗೆ ಕೆಲಸದ ಚೀಲ, ಅದರಲ್ಲಿ ಸಿರಿಂಜು, ಹತ್ತಿ, ಸ್ಪಿರಿಟ್. ಮೊದಲ ದಿನ ಲಾಳಿ ಮೆಟ್ಟಿಲ ಕೆಳಗೆ ಅಡಗಿತ್ತು. ಮೂರನೆಯ ದಿನಕ್ಕೆ ನಿಂತಲ್ಲೇ ಉಚ್ಚೆ ಹೊಯ್ದುಕೊಂಡಿತು. ಮನೆಯಾಕೆ ಎರಡು ದಿನ ನೆಲ ಒರೆಸಿ ಸಾಕಾಗಿ ಮಾಳಿಗೆಯ ಮೇಲೆ ಕಟ್ಟಿದರು. ತಾಳ್ಮೆ ಬೇಕು, ನಾನು ದಿನಾ ಬರುತ್ತೇನೆ ಎಂದು ಅವರಿಗೆ ಧೈರ್ಯ ಹೇಳಿದೆ. ಆರನೆಯ ದಿನ ನಾನು ಗೇಟು ತೆರೆದದ್ದೇ ತಡ, ಲಾಳಿ ಕೊರಳಪಟ್ಟಿಯಿಂದ ತಲೆ ಜಾರಿಸಿಕೊಂಡು ಮಾಳಿಗೆಯಿಂದ ಹಿತ್ತಿಲಿಗೆ ಜಿಗಿಯಿತು. ಎದ್ದು, ಮೂರು ಕಾಲಲ್ಲಿ ಕುಂಟುತ್ತ ಕಬ್ಬಿನ ಹೊಲದಲ್ಲಿ ಮರೆಯಾಯಿತು.

“ನೀವು ತೋರಿಸಿದ ನಾಯಿ ಬ್ಯಾರೆ, ಕೊಟ್ಟ ನಾಯಿ ಬ್ಯಾರೆ,” ಎಂದರು ಮನೆಯಾಕೆ. ಮೋಸಗಾತಿಯನ್ನು ನೋಡುವ ಹಾಗೆ ನನ್ನನ್ನು ನೋಡಿದರು.

ಎಂಟು ದಿನ ಹುಡುಕಿದೆವು. ಕಬ್ಬು ಕಡಿಯುವ ಕಾಲ, ಹೊಲದ ತುಂಬ ಜನ. ಕಡೆಗೆ ಜಮಖಂಡಿಯಾಚೆಯ ಒಂದು ಬೆಲ್ಲದ ಗಾಣದಿಂದ ಸುದ್ದಿ ಬಂತು. ಗಂಡನನ್ನು ಕರೆದುಕೊಂಡು ಓಡಿದೆ. ಗಾಣ ತಿರುಗಿಸುವ ಡೀಸೆಲ್ ಎಂಜಿನ್ನಿನ ಹಿಂದೆ, ಗೋಡೆಯ ಸಂದಿಯಲ್ಲಿ, ಲಾಳಿ ಸೇರಿಕೊಂಡಿತ್ತು. ಬೆನ್ನಿನ ಮೇಲೆ ಅಂಗೈಯಗಲ ಎರಡು ಕಡೆ ಚರ್ಮ ಸುಲಿದು ಕೆಂಪು ಮಾಂಸ ಕಾಣುತ್ತಿತ್ತು. ಹುಚ್ಚು ನಾಯಿ ಎಂದು ತಿಳಿದು ಅಲ್ಲಿಯವರು ಕೊಪ್ಪರಿಗೆಯ ಕುದಿಯುವ ನೊರೆ ತೆಗೆದು ಎರಚಿದ್ದರು. ಎರಚಿದವನೇ ನಾಚಿಕೆಯಿಲ್ಲದೆ ಹೇಳಿದ. ಅವನ ಕಪಾಳಕ್ಕೆ ಹೊಡೆಯಬೇಕೆನ್ನಿಸಿತು. ಹೊಡೆಯಲಿಲ್ಲ, ನಾಯಿ ತೆಗೆಯಲು ಅವನ ಸಹಾಯ ಬೇಕಿತ್ತು.

ಎಂಜಿನ್ ನಿಲ್ಲಿಸಲು ಹೇಳಿ ನಾನೇ ಸಂದಿಯೊಳಗೆ ಕೈ ಚಾಚಿದೆ. ಲಾಳಿ ನನ್ನ ಮುಂಗೈ ಕಚ್ಚಿ ಹಿಡಿಯಿತು. ಹಲ್ಲು ಎಲುಬಿಗೆ ತಾಗಿದ್ದು ಗೊತ್ತಾಯಿತು. ಗಂಡ ನನ್ನನ್ನು ಹಿಂದಕ್ಕೆಳೆದು, ಎಂಜಿನ್ ಮತ್ತೆ ಹಚ್ಚಿಸಿ, ತಾವು ಮಲಗಿ ತೆವಳಿಕೊಂಡು ಹೋದರು. ಹತ್ತು ನಿಮಿಷದಲ್ಲಿ ಎದೆಗವಚಿಕೊಂಡು ಹೊರಗೆ ತಂದರು. ನಾನು ನಲ್ಲಿಯ ಕೆಳಗೆ ಸಾಬೂನು ಹಚ್ಚಿ ಗಾಯ ತೊಳೆಯುತ್ತ ಕೂತಿದ್ದೆ. ಹದಿನೈದು ನಿಮಿಷ ತೊಳೆಯಬೇಕು, ಅದು ನಿಯಮ.

ನಮ್ಮ ವೈದ್ಯಾಧಿಕಾರಿ ಬಂದು ನೋಡಿದರು. ಕಚ್ಚಿದ ನಾಯಿಯನ್ನು ಹತ್ತು ದಿನ ಕಟ್ಟಿ ನೋಡುವುದು ರೂಢಿ. ಹುಚ್ಚಿನ ಲಕ್ಷಣ ಕಾಣದಿದ್ದರೂ ಇಂಥದ್ದನ್ನು ಮತ್ತೊಬ್ಬರ ಮನೆಗೆ ಹೇಗೆ ಕೊಡುತ್ತೀರಿ, ಮಗುವನ್ನು ಕಚ್ಚಿದರೆ ಯಾರು ಹೊಣೆ ಎಂದು ಕೇಳಿದರು. ಸಂಕಟದಿಂದ ಬಿಡಿಸುವುದೂ ನಮ್ಮ ಕೆಲಸವೇ, ಹತ್ತನೆಯ ದಿನ ತಾವೇ ಬಂದು ಕೊನೆಯ ಸೂಜಿ ಕೊಡುವುದಾಗಿ ಹೇಳಿದರು. ನಾನು ಒಪ್ಪಿದೆ. ಯಾರೂ ಬಲವಂತ ಮಾಡಲಿಲ್ಲ. ಇದಕ್ಕೆ ಸಪ್ಪಳ ಬೇಕು, ನಿಶ್ಶಬ್ದದಲ್ಲಿ ಬದುಕಲಾರದು, ಧೂಳಿನಿಂದಾಗಿ ಸಪ್ಪಳದಲ್ಲೂ ಬದುಕಲಾರದು ಎಂಬ ತೀರ್ಮಾನಕ್ಕೆ ಬಂದಿದ್ದೆ. ನೋಟುಬುಕ್ಕಿನಲ್ಲಿ ಹಾಗೇ ಬರೆದೆ. ಹತ್ತನೆಯ ದಿನದ ಮುಂದೆ ಒಂದು ಗೆರೆ ಎಳೆದೆ.

ಸುಟ್ಟಗಾಯಕ್ಕೆ ಗಂಡನೇ ಮುಲಾಮು ಹಚ್ಚುತ್ತಿದ್ದರು. ನನ್ನ ಕೈಗೆ ಪಟ್ಟಿ ಇತ್ತು.

ಏಳನೆಯ ದಿನ ಕುರಿಗಳ ಲಸಿಕೆಗೆಂದು ಸಾವಳಗಿಯ ಕಡೆ ಹೋಗಿದ್ದೆ. ಅಲ್ಲಿ ಬೀರೇಶ್ವರನ ಒಕ್ಕಲಿನ ಒಬ್ಬ ಅಜ್ಜಿ, ಅರವತ್ತು ದಾಟಿದವರು, ಇನ್ನೂರು ಕುರಿಗಳ ಒಡತಿ, ನನ್ನ ಕೈಪಟ್ಟಿ ನೋಡಿ ಕೇಳಿದರು. ಹೇಳಿದೆ. ಅವರ ನಾಯಿ ಟ್ರ್ಯಾಕ್ಟರಿನ ಕೆಳಗೆ ಸಿಕ್ಕು ಸತ್ತಿತ್ತಂತೆ. ಲಾಳಿಯನ್ನು ನೋಡಬೇಕೆಂದರು. ಅದು ಕಚ್ಚುತ್ತದೆ, ಬೇಡ ಅಂದೆ. ಕಚ್ಚದ ನಾಯಿ ಕಟ್ಟಿಕೊಂಡು ನಾನೇನು ಪೂಜೆ ಮಾಡಲೇ ಎಂದು ನಕ್ಕರು.

ಮರುದಿನ ನಾನು ಕೆಲಸದಿಂದ ಬರುವಷ್ಟರಲ್ಲಿ ಅಜ್ಜಿ ಬಸ್ಸಿನಲ್ಲಿ ಬಂದು ಶೆಡ್ಡಿನಲ್ಲಿ ಕೂತಿದ್ದರು. ಕರೆಂಟು ಹೋಗಿ ತಾಸಾಗಿತ್ತಂತೆ. ಮಗ್ಗ ನಿಂತಿದ್ದವು, ಹೊರಗೆ ಹೋಗುವವರ ಚಪ್ಪಲಿಯ ಸದ್ದೂ ಕೇಳುವಷ್ಟು ನಿಶ್ಶಬ್ದ. ಬಾಗಿಲ ಸಂದಿಯಿಂದ ನೋಡಿದೆ. ಗಂಡ ಒಂದು ಮೂಲೆಯಲ್ಲಿ ಎಳೆ ಜೋಡಿಸುತ್ತಿದ್ದರು. ಅಜ್ಜಿ ಕಾಲು ಚಾಚಿ ಕೂತು ಎಲೆಯಡಿಕೆ ಹಾಕುತ್ತಿದ್ದರು. ಅವರಿಂದ ಒಂದೇ ಕಲ್ಲಿನಾಚೆ ಲಾಳಿ, ಹೊಟ್ಟೆ ಸಡಿಲ ಬಿಟ್ಟು, ಗದ್ದ ನೆಲಕ್ಕಿಟ್ಟು ಮಲಗಿತ್ತು.

ನಾನು ಬಾಗಿಲು ತೆರೆದೆ. ಲಾಳಿಯ ಮೂಗು ಎದ್ದಿತು. ಮರುಕ್ಷಣ ಅದು ಪೆಟ್ಟಿಗೆಯೊಳಗಿತ್ತು. ಕಟ್ಟಿಗೆಗೆ ಅದರ ಮೈ ಬಡಿಯುವ ನಡುಕ ನನಗೆ ಕೇಳಿಸುತ್ತಿತ್ತು.

ಅಜ್ಜಿ ನನ್ನನ್ನು, ನನ್ನ ಚೀಲವನ್ನು, ಪೆಟ್ಟಿಗೆಯನ್ನು ನೋಡಿದರು.

“ಇದು ಮಂದಿಗೆ ಅಂಜೂದಿಲ್ಲ ಬಾಯಿ. ನಿಮಗ ಅಂಜತೈತಿ.”

ನಾನು ಗಂಡನ ಕಡೆ ತಿರುಗಿದೆ. ಅವರು ಎಳೆ ಬಿಟ್ಟು ಕೈ ಒರೆಸಿಕೊಂಡರು.

“ಮೊದಲನೇ ತಿಂಗಳದಾಗ ಗೊತ್ತಾಗಿತ್ತ ನನಗ. ನೀ ದಿನಾ ಅಷ್ಟ ಖುಷಿಲೆ ಬರ್ಕೊಂತ ಕುಂದರತಿದ್ದಿ. ಹೆಂಗ ಹೇಳ್ಲಿ.”

“ನಾಡಿದ್ದ ಸೂಜಿ ಕೊಡೂದಿತ್ತಲಾ. ಅವಾಗರೆ?”

ಅವರು ಮತ್ತೆ ಎಳೆ ಕೈಗೆತ್ತಿಕೊಂಡರು. ಗೊತ್ತಿದ್ದೂ ಹೇಳದೆ ಉಳಿದದ್ದನ್ನು ನಾನು ಇವತ್ತಿಗೂ ಪೂರ್ತಿ ಕ್ಷಮಿಸಿಲ್ಲ.

ನಾಯಿಯನ್ನು ತಾವೇ ಇಟ್ಟುಕೊಳ್ಳುವುದಾಗಿ ಹೇಳಿ ಅಜ್ಜಿ ಹೊರಟ ಮೇಲೆ ನೋಟುಬುಕ್ಕು ತೆಗೆದು ಮೊದಲ ಪುಟದಿಂದ ಓದಿದೆ. ಎಲ್ಲವೂ ಅದರಲ್ಲೇ ಇತ್ತು, ನನ್ನ ಕೈಯಲ್ಲೇ ಬರೆದದ್ದು. ಮಗ್ಗ ನಡೆದಾಗ ನನ್ನ ಹೆಜ್ಜೆ ಅದಕ್ಕೆ ಕೇಳುತ್ತಿರಲಿಲ್ಲ. ಮಗ್ಗದ ಕಾದ ಎಣ್ಣೆ, ಗಂಜಿಯ ವಾಸನೆಯಲ್ಲಿ ನನ್ನ ವಾಸನೆ ಮುಳುಗುತ್ತಿತ್ತು. ಅಂಗೈಯಿಂದ ತತ್ತಿ ತಿಂದಾಗ ಅದಕ್ಕೆ ನಾನು ಯಾರೆಂದೇ ತಿಳಿದಿರಲಿಲ್ಲ.

ಆದರೂ ಮನಸ್ಸು ಒಪ್ಪಲಿಲ್ಲ. ಎಷ್ಟೆಂದರೂ ಪರೀಕ್ಷಕಿ. ಮರುದಿನ ರಜೆ ಹಾಕಿದೆ. ತಲೆಗೆ ನೀರು ಹಾಕಿಕೊಂಡು, ಗಂಡನ ಹಳೆಯ ಅಂಗಿ ತೊಟ್ಟು, ಮಗ್ಗ ನಿಲ್ಲಿಸಿ, ಚೀಲವಿಲ್ಲದೆ ಒಳಗೆ ಹೋಗಿ ಕೂತೆ. ಲಾಳಿ ಕಿವಿ ಹಿಂದಕ್ಕೆ ಮಾಡಿತು, ಆದರೆ ಪೆಟ್ಟಿಗೆಯ ಅಂಚಿನಲ್ಲೇ ಉಳಿಯಿತು. ಆಗ ಹೊರಗೆ ಹೋಗಿ ಹತ್ತಿಯ ತುಣುಕೊಂದನ್ನು ಸ್ಪಿರಿಟ್ಟಿನಲ್ಲಿ ಅದ್ದಿ ತಂದು ಬಾಗಿಲ ಬಳಿ ಇಟ್ಟೆ.

ಲಾಳಿ ಓಡಲಿಲ್ಲ. ಪೆಟ್ಟಿಗೆಯೊಳಗೆ ತಿರುಗಿತು. ಒಂದು ಮೂಲೆ ಮೂಸಿತು, ಇನ್ನೊಂದು ಮೂಲೆ ಮೂಸಿತು. ಮೂಗಿನಿಂದ ಕೌದಿಯನ್ನು ದೂಡಿ ದೂಡಿ ಹಿಂದಿನ ಮೂಲೆಯಲ್ಲಿ ಗುಡ್ಡೆ ಮಾಡಿತು. ಏನನ್ನೋ ಮುಚ್ಚುವ ಹಾಗೆ ಮತ್ತೆ ಮತ್ತೆ ಮಾಡಿತು. ಕೊನೆಗೆ ಆ ಖಾಲಿ ಮೂಲೆಗೆ ಮೈ ಅಡ್ಡ ಹಾಕಿ ಮಲಗಿ, ಬಾಗಿಲ ಕಡೆ ಹಲ್ಲು ತೋರಿಸಿತು.

ನಾಲ್ಕು ವರ್ಷ ಬೇವಿನ ಗಿಡದ ಕೆಳಗೆ ಕೂತು ಸ್ಪಿರಿಟ್ ಬಾಟಲಿಯ ಮುಚ್ಚಳ ತೆಗೆದಾಗಲೆಲ್ಲ ತಗಡಿನ ಬಾಗಿಲ ಹಿಂದೆ ನಡೆಯುತ್ತಿದ್ದುದು ಇದು. ಆ ವಾಸನೆ ಬಂದ ದಿನ ಮರಿಗಳು ಹೋಗುತ್ತಿದ್ದವು. ನನ್ನ ಮುಖ ಕಂಡಿರದಿದ್ದರೂ ನಾಯಿಗೆ ನನ್ನ ಹೆಜ್ಜೆ, ನನ್ನ ವಾಸನೆ ಮಾಲೀಕರದಕ್ಕಿಂತ ಚೆನ್ನಾಗಿ ಗೊತ್ತಿತ್ತು. ನಾಯಿಯನ್ನು ಕತ್ತಲೆಯಿಂದ ಬಿಡಿಸಿ ತಂದೆ ಎಂದು ಜಂಬ ಕೊಚ್ಚಿದವಳು, ದಿನಕ್ಕೆ ಎರಡು ಸಲ ಅದರ ಮುಂದೆ ಹೋಗಿ ಕೂತಿದ್ದೆ. ನನ್ನನ್ನು ಕಂಡು ಅಂಜಿತು ಎಂಬ ತಪ್ಪಿಗೆ ಅದನ್ನು ಕೊಲ್ಲಲು ದಿನ ಗೊತ್ತುಮಾಡಿದ್ದೆ. ಆ ಹತ್ತಿಯ ಪರೀಕ್ಷೆ ಮಾಡಿದ್ದಕ್ಕೂ ನನಗೆ ನಾಚಿಕೆಯಿದೆ. ಅಜ್ಜಿಯ ಮಾತು ನಂಬಿದ್ದರೆ ಸಾಕಿತ್ತು.

ವೈದ್ಯಾಧಿಕಾರಿಗೆ ಫೋನು ಮಾಡಿ ಬರುವುದು ಬೇಡ ಎಂದೆ. ಯಾಕೆಂದು ಕೇಳಿದರು. ಮನೆ ಸಿಕ್ಕಿತು ಎಂದಷ್ಟೇ ಹೇಳಿದೆ. ಹತ್ತು ದಿನ ಮುಗಿದವು, ಹುಚ್ಚಿನ ಲಕ್ಷಣ ಕಾಣಲಿಲ್ಲ. ಬೆನ್ನಿನ ಗಾಯ ಒಣಗಿದ ಮೇಲೆ ಗಂಡ ಅದನ್ನು ಸಾವಳಗಿಗೆ ಒಯ್ದರು. ಪೆಟ್ಟಿಗೆ, ಕೌದಿ ಸಮೇತ. ನಾನು ಆ ದಿನ ಬೇಕೆಂದೇ ಬೀಳಗಿಯ ಕಡೆ ಕೆಲಸ ಹಾಕಿಸಿಕೊಂಡಿದ್ದೆ. ಅಜ್ಜಿ ಮೊದಲ ಹದಿನೈದು ದಿನ ಅದನ್ನು ಮುದಿ ಕುರಿಯೊಂದರ ಜೊತೆ ಕಟ್ಟಿದರಂತೆ. ಕುರಿ ಅಂಜಲಿಲ್ಲ, ನಾಯಿಯೂ ಅಂಜುವುದನ್ನು ಮರೆಯಿತಂತೆ. ಕುರಿಮರಿಗಳನ್ನು ಸಂತೆಗೆ ಹೊಡೆಯುವ ದಿನ ಮಾತ್ರ ಅದನ್ನು ಬೆಳಿಗ್ಗೆಯೇ ದೂರದ ಹೊಲಕ್ಕೆ ಒಯ್ಯುತ್ತಾರಂತೆ. ಇದನ್ನೆಲ್ಲ ಗಂಡ ಹೇಳಿದರು. ಅವರು ಎರಡು ಸಲ ಹೋಗಿ ಬಂದಿದ್ದರು. ನೋಡಬೇಕೆಂದು ನಾನು ಹೇಳಿ ಕಳಿಸಿದ್ದಕ್ಕೆ ಅಜ್ಜಿಯ ಉತ್ತರ ಬಂತು. “ಬಾಯಾರಿಗೆ ಬರಬ್ಯಾಡಂತ ಹೇಳ. ಸಿಟ್ಟಿಲ್ಲ. ಬರಬ್ಯಾಡ ಅಷ್ಟ.”

ಆರು ತಿಂಗಳಿಗೆ ಕುರಿಗಳ ಲಸಿಕೆ ಮತ್ತೆ ಬಂತು. ಸಾವಳಗಿಗೆ ಬೇರೆಯವರು ಹೋಗಲಿ ಎಂದು ಕೇಳಿಕೊಂಡೆ, ಇದ್ದ ಇನ್ನೊಬ್ಬರು ರಜೆಯಲ್ಲಿದ್ದರು. ಅಜ್ಜಿಗೆ ಮುಂಚೆಯೇ ಫೋನು ಮಾಡಿಸಿದೆ, ನಾಯಿಯನ್ನು ದೂರ ಒಯ್ಯಿರಿ ಎಂದು. ಅವರು ಮೊಮ್ಮಗಳ ಕೂಡ ಅದನ್ನು ಹೊಲದ ಆಚೆ ಕಳಿಸಿದ್ದರು. ಆದರೆ ಗಾಳಿ ನಮ್ಮ ಕಡೆಯಿಂದ ಆ ಕಡೆಗೆ ಬೀಸುತ್ತಿತ್ತು.

ನಾನು ಜೀಪಿನಿಂದಿಳಿದು ಲಸಿಕೆಯ ಡಬ್ಬಿ ತೆರೆದಾಗ, ಜೋಳ ಕೊಯ್ದ ಬಯಲಿನಾಚೆ ಬಿಳಿಯದೊಂದು ಎದ್ದು ನಿಂತಿತು. ನಮ್ಮ ಕಡೆ ಮುಖ ಮಾಡಿತು. ನಂತರ ಓಡಿತು. ನಮ್ಮ ಶೆಡ್ಡಿನಲ್ಲಿ ಅದಕ್ಕೆ ಓಡಲು ಜಾಗವೇ ಇರಲಿಲ್ಲ, ಹೀಗಾಗಿ ಲಾಳಿ ಓಡುವುದನ್ನು ನಾನು ಎಂದೂ ನೋಡಿರಲಿಲ್ಲ. ನಾಲ್ಕೂ ಕಾಲು ಒಮ್ಮೆ ಹೊಟ್ಟೆಯ ಕೆಳಗೆ ಕೂಡುತ್ತಿದ್ದವು, ಒಮ್ಮೆ ನೆಲ ಬಿಟ್ಟು ಚಾಚುತ್ತಿದ್ದವು. ಕುಂಟುತ್ತಿರಲಿಲ್ಲ. ಬೆನ್ನಿನ ಎರಡು ಕಪ್ಪು ಕಲೆಗಳು ಅಷ್ಟು ದೂರದಿಂದಲೂ ಕಂಡವು. ಎಷ್ಟು ಚೆಂದ ಓಡಿತು ಎಂದರೆ ಕಣ್ಣು ಕೀಳಲಾಗಲಿಲ್ಲ. ಬಯಲು ಮುಗಿದು, ಏರಿ ದಾಟಿ, ಆಚೆ ಇಳಿಯುವ ತನಕ ಅದು ಒಮ್ಮೆಯೂ ನಿಲ್ಲಲಿಲ್ಲ.

ನಾನು ಡಬ್ಬಿಯ ಮುಚ್ಚಳ ಕೈಯಲ್ಲಿ ಹಿಡಿದು ಹಾಗೇ ನಿಂತಿದ್ದೆ. ಅಜ್ಜಿ ಮೊದಲ ಕುರಿಯ ಕಿವಿ ಹಿಡಿದು ನನ್ನ ಮುಂದೆ ತಂದರು.

“ಲಗೂನ ಚುಚ್ರಿ ಬಾಯಿ. ನೀವು ಹ್ವಾದ ಮ್ಯಾಲ ಬರ್ತೈತಿ ಅದು.”